ಬೆಳಕು ಬಿಟ್ಟರೆ ಹಲ್ಲು ಬೇಗ ಬೇರೂರುವುದೇ?

ಚಾಣಕ್ಯನ ಹೆಸರು ಕೇಳದವರು ನಮ್ಮ ಸಂಘದಲ್ಲಿ ಯಾರೂ ಇರಲಾರರು. ವಡ್ಡಾರಾಧನೆಯಲ್ಲಿ ಅವನ ಕಥೆಯಿದೆ. ಕೆಂಪುನಾರಾಯಣನ ಮುದ್ರಾಮಂಜೂಷದಲ್ಲಂತೂ ಎಲ್ಲಾ ಅವನದೇ ತಂತ್ರ. ಆದರೆ ಅವನ ಹಲ್ಲಿನ ಕಥೆ ಎಷ್ಟು ಜನಕ್ಕೆ ಗೊತ್ತು? 12ನೆಯ ಶತಮಾನದ ಜೈನ ಪಂಡಿತ ಹೇಮಚಂದ್ರ ತನ್ನ ಪರಿಶಿಷ್ಟಪರ್ವದಲ್ಲಿ ಹೇಳುವ ಪ್ರಕಾರ, ಚಾಣಕ್ಯ ಹುಟ್ಟುವಾಗಲೇ ಅವನ ಬಾಯಲ್ಲಿ ಹಲ್ಲು ಮೂಡಿತ್ತಂತೆ. ಇದು ರಾಜನಾಗುವವನ ಲಕ್ಷಣ ಅಂತ ಮುನಿಗಳು ಹೇಳಿದರು. ರಾಜ್ಯವಾಳಿ ಮಗ ನರಕಕ್ಕೆ ಹೋದಾನು ಎಂದು ಹೆದರಿದ ತಂದೆ ಆ ಹಲ್ಲನ್ನು ಕೆಡಿಸಿಬಿಟ್ಟ. ಹಾಗಾದರೆ ಇವನು ಇನ್ನೊಬ್ಬನನ್ನು ಮುಂದಿಟ್ಟುಕೊಂಡು ಆಳುತ್ತಾನೆ ಎಂದರು ಮುನಿಗಳು. ಹಲ್ಲು ಹೋಯಿತು, ಅದರ ಜೊತೆಗೆ ಸಿಂಹಾಸನವೂ ಹೋಯಿತು!

ಈ ಚಾಣಕ್ಯನ ಹೆಸರಿನ ಬಡಾವಣೆಯೊಂದು ಹೊಸ ದೆಹಲಿಯಲ್ಲಿದೆ. ಅದೇ ಚಾಣಕ್ಯಪುರಿ. ಪರದೇಶಗಳ ರಾಯಭಾರ ಕಛೇರಿಗಳಿಗಾಗಿಯೇ 1950ರ ದಶಕದಲ್ಲಿ ಬೆಳೆದ ಜಾಗ. ರಸ್ತೆಗಳ ಹೆಸರೂ ಅದಕ್ಕೆ ತಕ್ಕ ಹಾಗೆ: ಕೌಟಿಲ್ಯ ಮಾರ್ಗ, ನ್ಯಾಯ ಮಾರ್ಗ, ನೀತಿ ಮಾರ್ಗ, ಶಾಂತಿ ಪಥ. ಕೌಟಿಲ್ಯ ಮಾರ್ಗದಲ್ಲಿ ನಮ್ಮ ಕರ್ನಾಟಕ ಭವನವೂ ಇದೆ. ಕಳೆದ ಬೇಸಿಗೆ ರಜೆಯಲ್ಲಿ ನಾನು ಈ ರಸ್ತೆಗಳಲ್ಲಿ ಬಹಳ ಓಡಾಡಿದೆ. ಪ್ರವಾಸಕ್ಕಲ್ಲ, ಸೋದರಮಾವನ ಒಂದು ಹಲ್ಲಿಗಾಗಿ.

ಕನ್ನಡ ಸಂಘದ ಪತ್ರಿಕೆಯಲ್ಲಿ ಹಲ್ಲಿನ ವಿಷಯವೇಕೆ ಅಂತ ಕೆಲವರು ಹುಬ್ಬೇರಿಸಬಹುದು. ವ್ಯಾಕರಣದ ತರಗತಿಯನ್ನು ನೆನಪು ಮಾಡಿಕೊಳ್ಳಿ. ತ, ಥ, ದ, ಧ, ನ ಇವು ದಂತ್ಯಗಳು. ಸಕಾರವೂ ಆ ಕುಟುಂಬದ್ದೇ. ನಾಲಿಗೆಗೆ ಮೇಲಿನ ಹಲ್ಲಿನ ಆಸರೆ ಬೇಕು. ಮುಂದಿನ ಒಂದು ಹಲ್ಲು ಹೋಗಲಿ, 'ಸರಸ್ವತಿ' ಎನ್ನುವಾಗ ಸಿಳ್ಳೆ ಹೊರಡುತ್ತದೆ. ನಮ್ಮ ಮಾವ ಕೇಂದ್ರ ಸರ್ಕಾರದ ಕೆಲಸದಿಂದ ನಿವೃತ್ತರಾದವರು. ಮೂವತ್ತು ವರ್ಷದಿಂದ ದೆಹಲಿ ಕನ್ನಡಿಗರ ಸಭೆಗಳಲ್ಲಿ ಕುಮಾರವ್ಯಾಸನ ಗಮಕ ಓದುತ್ತಾ ಬಂದವರು. ಮೇಲಿನ ಮುಂದಿನ ಹಲ್ಲಿನ ಬೇರು ಕೊಳೆತು ಅದನ್ನು ಕೀಳಿಸಿದ ಮೇಲೆ ಓದುವುದನ್ನೇ ಬಿಟ್ಟಿದ್ದರು. ಊಟಕ್ಕೆ ತೊಂದರೆಯೇನೂ ಇರಲಿಲ್ಲ. 'ಬಾಯಿ ಬಿಟ್ಟರೆ ಜನ ಪದ್ಯ ಕೇಳೋದಿಲ್ಲ ಕಣಯ್ಯ, ಸಂದಿ ನೋಡ್ತಾರೆ' ಎನ್ನುತ್ತಿದ್ದರು. ನವೆಂಬರಿನ ರಾಜ್ಯೋತ್ಸವದೊಳಗೆ ಹಲ್ಲು ಆಗಬೇಕು ಅನ್ನುವುದೊಂದೇ ಅವರ ಹಟ.

ಚಾಣಕ್ಯಪುರಿಯ ಒಂದು ಖಾಸಗಿ ದಂತ ಚಿಕಿತ್ಸಾಲಯದಲ್ಲಿ ಇಂಪ್ಲಾಂಟ್ ಹಾಕಿಸುವುದೆಂದು ತೀರ್ಮಾನವಾಯಿತು. ಹಣ ಕಟ್ಟುವ ಮೇಜಿನ ಹುಡುಗ ಬಣ್ಣದ ಕಾಗದವೊಂದನ್ನು ಕೈಗೆ ಕೊಟ್ಟ. ಶಸ್ತ್ರಕ್ರಿಯೆಯ ನಂತರ ಆರು ಸಲ ಲೇಸರ್ ಬೆಳಕು ಬಿಡಿಸಿಕೊಂಡರೆ ಗಾಯ ಮಾಯುವುದೂ ಮೂಳೆ ಕೂಡುವುದೂ ಎರಡು ಪಟ್ಟು ಬೇಗ, ಇದಕ್ಕೆ ಬೇರೆ ದರ, ಎಂದು ಅದರಲ್ಲಿ ಅಚ್ಚಾಗಿತ್ತು. ಮಾವ ಕಾಗದವನ್ನು ನನ್ನ ಕೈಗಿಟ್ಟು, 'ನೀನು ಓದಿದವನಲ್ಲವೇನಯ್ಯ, ಇದು ನಿಜವೋ ಬೂಟಾಟಿಕೆಯೋ ನೋಡಿ ಹೇಳು' ಅಂದರು. ಹೀಗೆ ಶುರುವಾದ ಓದಿನ ಫಲವೇ ಈ ಲೇಖನ.

ಸ್ವೀಡನ್ನಿನ ಮೊಲ

ಇಂಪ್ಲಾಂಟ್ ಅಂದರೆ ಕೃತಕ ಹಲ್ಲಲ್ಲ, ಕೃತಕ ಬೇರು. ಸುಮಾರು 4 ಮಿಲಿಮೀಟರ್ ದಪ್ಪ, 10 ಮಿಲಿಮೀಟರ್ ಉದ್ದದ ಒಂದು ಟೈಟೇನಿಯಂ ತಿರುಪು. ಇದನ್ನು ದವಡೆಯ ಮೂಳೆಯೊಳಗೆ ಕೂರಿಸುತ್ತಾರೆ. ಅದು ಮೂಳೆಗೆ ಅಂಟಿಕೊಂಡ ಮೇಲೆ ಅದರ ಮೇಲೊಂದು ಕಂಬ, ಕಂಬದ ಮೇಲೊಂದು ಹಲ್ಲಿನ ಟೋಪಿ.

ಲೋಹ ಮೂಳೆಗೆ ಅಂಟಿಕೊಳ್ಳುತ್ತದೆ ಎಂಬುದನ್ನು ಕಂಡುಕೊಂಡದ್ದು ಹಲ್ಲಿನ ಡಾಕ್ಟರಲ್ಲ. ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1952ರ ಸುಮಾರಿಗೆ ಮೂಳೆಯೊಳಗೆ ರಕ್ತ ಹೇಗೆ ಹರಿಯುತ್ತದೆ ಅಂತ ನೋಡುತ್ತಿದ್ದರು. ಮೊಲದ ಕಾಲಿನ ಮೂಳೆಗೆ ಟೈಟೇನಿಯಂನ ಪುಟ್ಟ ಕೊಳವೆ ಕೂರಿಸಿ, ಅದರ ಮೂಲಕ ಸೂಕ್ಷ್ಮದರ್ಶಕದಲ್ಲಿ ಇಣುಕುವ ಏರ್ಪಾಡು. ಪ್ರಯೋಗ ಮುಗಿದ ಮೇಲೆ ಕೊಳವೆಯನ್ನು ಬಿಚ್ಚಿ ಇನ್ನೊಂದು ಮೊಲಕ್ಕೆ ಹಾಕೋಣವೆಂದರೆ ಅದು ಬರಲೇ ಇಲ್ಲ! ಮೂಳೆ ಅದನ್ನು ತನ್ನದೆಂದೇ ಒಪ್ಪಿಕೊಂಡು ಬಿಗಿಯಾಗಿ ಹಿಡಿದಿತ್ತು. ಬೇರೆ ಯಾರಾದರೂ ಆಗಿದ್ದರೆ ಉಪಕರಣ ಹಾಳಾಯಿತು ಅಂತ ಬೈದುಕೊಂಡು ಸುಮ್ಮನಾಗುತ್ತಿದ್ದರೋ ಏನೋ. ಬ್ರೋನೆಮಾರ್ಕ್ ಅದರ ಬೆನ್ನು ಹತ್ತಿದರು. 1965ರಲ್ಲಿ ಗೋಥೆನ್‌ಬರ್ಗಿನಲ್ಲಿ ಗೋಸ್ತಾ ಲಾರ್ಸನ್ ಎಂಬಾತನ ಕೆಳದವಡೆಗೆ ಟೈಟೇನಿಯಂ ಬೇರುಗಳನ್ನು ಹಾಕಿದರು. ಲಾರ್ಸನ್ 2006ರಲ್ಲಿ ತೀರಿಕೊಳ್ಳುವವರೆಗೆ, ನಲವತ್ತು ವರ್ಷಕ್ಕೂ ಹೆಚ್ಚು ಕಾಲ, ಆ ಬೇರುಗಳು ಬಾಯಲ್ಲೇ ಇದ್ದವು. ಆದರೂ 1982ರಲ್ಲಿ ಕೆನಡಾದ ಟೊರಾಂಟೋದಲ್ಲಿ ನಡೆದ ಸಮ್ಮೇಳನದವರೆಗೆ ಪ್ರಪಂಚದ ದಂತವೈದ್ಯರು ಇದನ್ನು ಮನಸಾರೆ ನಂಬಿರಲಿಲ್ಲ. ಒಳ್ಳೆಯ ಸಾಕ್ಷಿಗೂ ಇಷ್ಟು ಕಾಲ ಕಾಯಬೇಕಾಯಿತು ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಟೈಟೇನಿಯಂನ ಗುಟ್ಟು ಅದರ ಮೈಮೇಲಿನ ಪದರದಲ್ಲಿದೆ. ಗಾಳಿ ತಗುಲಿದ ಕೂಡಲೇ ಅದರ ಮೇಲೆ ಅತಿ ತೆಳುವಾದ ಆಕ್ಸೈಡ್ ಪೊರೆ ಕಟ್ಟುತ್ತದೆ. ಈ ಪೊರೆ ತುಕ್ಕು ಹಿಡಿಯಗೊಡುವುದಿಲ್ಲ, ದೇಹದ ದ್ರವಗಳೊಡನೆ ಜಗಳವಾಡುವುದಿಲ್ಲ. ಅಂದ ಹಾಗೆ ಈ ಲೋಹ ನಮಗೆ ಬಹಳ ದೂರದ್ದೇನಲ್ಲ. ಕೇರಳದ ಚವರದ ಸಮುದ್ರತೀರದ ಕಪ್ಪು ಮರಳಿನಲ್ಲಿರುವ ಇಲ್ಮನೈಟ್ ಎಂಬ ಅದಿರು ಟೈಟೇನಿಯಂನದೇ.

ಮೂಳೆಯ ಲೆಕ್ಕಾಚಾರ

ಹಾಗಾದರೆ ತಿರುಪು ಕೂರಿಸಿದ ಮೇಲೆ ಒಳಗೆ ನಡೆಯುವುದೇನು? ಮೊದಲು ರಕ್ತ ಬಂದು ಹೆಪ್ಪುಗಟ್ಟುತ್ತದೆ. ಗಾಯದ ಕಸ ಗುಡಿಸಲು ಬಿಳಿಯ ರಕ್ತಕಣಗಳು ಧಾವಿಸುತ್ತವೆ. ಊತ, ನೋವು ಎಲ್ಲಾ ಈ ಗಡಿಬಿಡಿಯ ಗುರುತು. ನಾಲ್ಕೈದು ದಿನಗಳಲ್ಲಿ ಹೊಸ ರಕ್ತನಾಳಗಳು ಕವಲೊಡೆಯುತ್ತವೆ. ಎರಡು ವಾರದೊಳಗೆ ವಸಡಿನ ಮೇಲ್ಭಾಗ ಬಹುಮಟ್ಟಿಗೆ ಮಾಯುತ್ತದೆ. ಆದರೆ ವಸಡು ಮಾಯಿತೆಂದರೆ ಮೂಳೆ ಕೂಡಿತು ಅಂತಲ್ಲ. ಒಳಗೆ ಅವಸರದಲ್ಲಿ ಹೆಣೆದ ಎಳೆಯ ಮೂಳೆ ಮೊದಲು ಬರುತ್ತದೆ. ಅದನ್ನು ಕಿತ್ತು ನಿಧಾನವಾಗಿ ಗಟ್ಟಿ ಮೂಳೆ ಕಟ್ಟುವುದು ತಿಂಗಳುಗಳ ಕೆಲಸ.

ಇಲ್ಲೊಂದು ಸ್ವಾರಸ್ಯವಿದೆ. ಗೋಡೆಗೆ ಹೊಡೆದ ಮೊಳೆ ಹೇಗೆ ಬಿಗಿಯಾಗಿ ನಿಲ್ಲುತ್ತದೋ ಹಾಗೆ ತಿರುಪು ಮೊದಲ ದಿನವೇ ಬಿಗಿಯಾಗಿರುತ್ತದೆ. ಇದು ಯಾಂತ್ರಿಕ ಬಿಗಿ. ನಂತರ ಅದರ ಸುತ್ತಲಿನ ಹಳೆಯ ಮೂಳೆಯನ್ನು ದೇಹ ಸ್ವಲ್ಪ ಸ್ವಲ್ಪವಾಗಿ ಕರಗಿಸುತ್ತದೆ, ಹೊಸದು ಇನ್ನೂ ಬಲಿತಿರುವುದಿಲ್ಲ. ಆದ್ದರಿಂದ ಸುಮಾರು ಮೂರನೆಯ, ನಾಲ್ಕನೆಯ ವಾರದಲ್ಲಿ ತಿರುಪಿನ ಬಿಗಿ ಮೊದಲಿಗಿಂತ ಕಡಿಮೆಯಾಗುತ್ತದೆ! ರೋಗಿಗೆ ನೋವು ಹೋಗಿ, ಎಲ್ಲ ಸರಿಹೋಯಿತು ಎಂದು ಚಕ್ಕುಲಿ ಕಡಿಯುವ ಹುಮ್ಮಸ್ಸು ಬರುವುದೂ ಆಗಲೇ. ಆಮೇಲೆ ಹೊಸ ಮೂಳೆಯ ಜೀವಂತ ಬಿಗಿ ಏರುತ್ತಾ ಹೋಗುತ್ತದೆ. ಬ್ರೋನೆಮಾರ್ಕರ ಹಳೆಯ ಪದ್ಧತಿಯಲ್ಲಿ ಕೆಳದವಡೆಗೆ 3 ತಿಂಗಳು, ಮೂಳೆ ಮೆದುವಾಗಿರುವ ಮೇಲ್ದವಡೆಗೆ 6 ತಿಂಗಳು ಬಿಡುತ್ತಿದ್ದರು. ತಿರುಪಿನ ಮೈ ತರಿತರಿಯಾಗಿರುವಂತೆ ಮಾಡಿದ ಮೇಲೆ ಈಗ ಅವಧಿ ತಗ್ಗಿದೆ.

ಮೂಳೆಗೆ ಶತ್ರು ಬಿಸಿ. ಎರಿಕ್ಸನ್ ಮತ್ತು ಆಲ್ಬ್ರೆಕ್ಟ್‌ಸನ್ ಎಂಬ ಸ್ವೀಡನ್ನಿನ ಸಂಶೋಧಕರು 1983ರಲ್ಲಿ ಮೊಲಗಳ ಮೇಲೆ ಪ್ರಯೋಗ ಮಾಡಿ, ಮೂಳೆ ಒಂದು ನಿಮಿಷ 47 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದಕ್ಕೆ ಹಾನಿಯಾಗುತ್ತದೆಂದು ತೋರಿಸಿದರು. ನಮ್ಮ ಮೈಯ ಬಿಸಿಗಿಂತ ಅದು ಬರೀ ಹತ್ತು ಡಿಗ್ರಿ ಹೆಚ್ಚು. ಬೈರಿಗೆ ತಿರುಗಿಸುವಾಗ ಉಪ್ಪುನೀರನ್ನು ಸುರಿಯುತ್ತಲೇ ಇರುವುದು ಇದಕ್ಕಾಗಿ. ಲೇಸರನ್ನು ಬಾಯಿಗೆ ತರುವಾಗಲೂ ಈ 47ರ ಗೆರೆ ನೆನಪಿರಬೇಕು.

ಲೇಸರ್ ಎಂಬ ಬೆಳಕು

ಲೇಸರ್ ಎಂಬ ಹೆಸರನ್ನು ಬಿಡಿಸಿದರೆ 'ಪ್ರಚೋದಿತ ಉತ್ಸರ್ಜನೆಯಿಂದ ಬೆಳಕಿನ ವರ್ಧನೆ' ಎಂದಾಗುತ್ತದೆ. ಕೇಳಲು ಹಳಗನ್ನಡಕ್ಕಿಂತ ಕಷ್ಟ, ಅರ್ಥ ಅಷ್ಟು ಕಷ್ಟವಲ್ಲ. ಚೈತನ್ಯ ತುಂಬಿಕೊಂಡ ಪರಮಾಣುವಿನ ಬಳಿ ತಕ್ಕ ಬೆಳಕಿನ ಕಣವೊಂದು ಹಾದುಹೋದರೆ, ಆ ಪರಮಾಣು ಅದರದೇ ಜೊತೆಗಾರನನ್ನು ಹೊರಬಿಡುತ್ತದೆ. ಒಂದು ಎರಡಾಯಿತು, ಎರಡು ನಾಲ್ಕಾಯಿತು. ಎಲ್ಲಾ ಒಂದೇ ಬಣ್ಣ, ಒಂದೇ ದಿಕ್ಕು, ಒಂದೇ ಹೆಜ್ಜೆ. ಸಾಧಾರಣ ಬಲ್ಬಿನ ಬೆಳಕು ಸಂತೆಯ ಜನವಾದರೆ ಲೇಸರ್ ಪೆರೇಡಿನ ಸಿಪಾಯಿಗಳು.

ಹೀಗಾಗಬಹುದು ಅಂತ ಲೆಕ್ಕ ಹಾಕಿದವರು ಐನ್‌ಸ್ಟೈನ್, 1917ರಲ್ಲಿ ಬರ್ಲಿನ್ನಿನಲ್ಲಿ. ಈ ತತ್ತ್ವವನ್ನು ಕೈಗೆ ತಂದುಕೊಟ್ಟದ್ದಕ್ಕೆ 1964ರ ನೊಬೆಲ್ ಬಹುಮಾನ ಅಮೆರಿಕದ ಟೌನ್ಸ್, ರಷ್ಯದ ಬಾಸೊವ್ ಮತ್ತು ಪ್ರೊಖೊರೊವ್ ಅವರಿಗೆ ಸಂದಿತು. ಮೊದಲ ಲೇಸರನ್ನು ಬೆಳಗಿಸಿದವರು ಅಮೆರಿಕದ ಥಿಯೋಡರ್ ಮೈಮನ್, 1960ರ ಮೇ 16ರಂದು, ಒಂದು ಕೆಂಪು ಮಾಣಿಕ್ಯದ ಕಡ್ಡಿಯಿಂದ. ಶಾಂತಿ ಪಥದಲ್ಲಿ ನಡೆದುಹೋಗುವಾಗ ಜರ್ಮನಿ, ರಷ್ಯ, ಅಮೆರಿಕ ಮೂರರ ಬಾವುಟಗಳನ್ನೂ ನೋಡಿದೆ. ಒಂದು ಬೆಳಕು ಹುಟ್ಟಬೇಕಾದರೆ ಇವರೆಲ್ಲರೂ ಬೇಕಾಯಿತಲ್ಲ ಅನ್ನಿಸಿತು. ನಮ್ಮಲ್ಲಿ ಲೇಸರ್ ಸಂಶೋಧನೆಗೆಂದೇ ಇಂದೋರಿನಲ್ಲಿ 1984ರಲ್ಲಿ ಆರಂಭವಾದ ಕೇಂದ್ರಕ್ಕೆ ಈಗ ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರ ಹೆಸರಿದೆ.

ಸುಡುವ ಲೇಸರ್, ಸುಡದ ಲೇಸರ್

ದಂತ ಚಿಕಿತ್ಸೆಯಲ್ಲಿ ಲೇಸರ್ ಅಂದಾಗ ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಹೆಸರಿನಿಂದ ಕರೆಯುತ್ತಾರೆ. ಗೊಂದಲವೆಲ್ಲಾ ಇಲ್ಲಿಂದಲೇ.

ಒಂದು ಸುಡುವ ಅಥವಾ ಕೊಯ್ಯುವ ಲೇಸರ್. ಇದು ಕತ್ತಿಯ ಬದಲು. 2940 ನ್ಯಾನೊಮೀಟರಿನ ಎರ್ಬಿಯಂ ಲೇಸರನ್ನು ನೀರು ಚೆನ್ನಾಗಿ ಹೀರುತ್ತದೆ, ಆದ್ದರಿಂದ ನೀರಿರುವ ಮಾಂಸ, ಮೂಳೆ, ಹಲ್ಲು ಎಲ್ಲವನ್ನೂ ಕೊರೆಯಬಲ್ಲದು. ಡಯೋಡ್ ಲೇಸರ್ ವಸಡನ್ನು ರಕ್ತ ಹೆಚ್ಚು ಸುರಿಯದಂತೆ ಬಿಡಿಸುತ್ತದೆ. ಆದರೆ ಯಾವ ಲೇಸರನ್ನು ಎಲ್ಲಿ ಬಳಸಬೇಕು ಎಂಬ ಎಚ್ಚರ ಬೇಕು. 1064 ನ್ಯಾನೊಮೀಟರಿನ ನಿಯೋಡಿಮಿಯಂ ಲೇಸರ್ ಟೈಟೇನಿಯಂನ ಮೈಯನ್ನೇ ಕರಗಿಸಿ ಕೆಡಿಸಬಲ್ಲದು.

ಇನ್ನೊಂದು ಸುಡದ ಲೇಸರ್. ಕಾಗದದಲ್ಲಿದ್ದದ್ದು ಇದೇ. ಇದರ ಶಕ್ತಿ ವ್ಯಾಟಿನ ಒಂದು ಭಾಗವಷ್ಟೆ. ಕೊಯ್ಯುವುದಿಲ್ಲ, ಸುಡುವುದಿಲ್ಲ, ಚರ್ಮಕ್ಕೆ ತಾಗಿದ್ದೂ ಗೊತ್ತಾಗುವುದಿಲ್ಲ. ಗಾಯದ ಮೇಲೆ ಕೆಂಪು ಅಥವಾ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಕೆಲವು ಸೆಕೆಂಡು ಹಿಡಿಯುತ್ತಾರೆ. ಇದಕ್ಕೀಗ ಫೋಟೊಬಯೋಮಾಡ್ಯುಲೇಷನ್ ಎಂದು ಹೆಸರು. ಬೆಳಕಿನಿಂದ ಜೀವಕೋಶದ ಕೆಲಸವನ್ನು ತಿದ್ದುವುದು ಅಂತ ಅರ್ಥ.

ಬುಡಾಪೆಸ್ಟಿನ ಇಲಿ

ಚಾಣಕ್ಯಪುರಿಯ ನ್ಯಾಯ ಮಾರ್ಗದಲ್ಲಿ ಸ್ವೀಡನ್ ರಾಯಭಾರ ಕಛೇರಿ ಇದೆ. ತಿರುಪು ಬಂದದ್ದು ಆ ದೇಶದಿಂದ. ನೀತಿ ಮಾರ್ಗದಲ್ಲಿ ಹಂಗೆರಿಯ ಕಛೇರಿ ಇದೆ. ಸುಡದ ಲೇಸರ್ ಬಂದದ್ದು ಆ ದೇಶದಿಂದ.

ಅಮೆರಿಕದ ಬಾಸ್ಟನ್ನಿನಲ್ಲಿ ಮಾಣಿಕ್ಯದ ಲೇಸರಿನಿಂದ ಪ್ರಾಣಿಗಳ ಗೆಡ್ಡೆಯನ್ನು ನಾಶಮಾಡುವ ಪ್ರಯತ್ನ ನಡೆದಿತ್ತು. ಬುಡಾಪೆಸ್ಟಿನ ವೈದ್ಯ ಎಂದ್ರೆ ಮೆಸ್ಟರ್ 1960ರ ದಶಕದಲ್ಲಿ ಅದನ್ನೇ ಮಾಡಿ ನೋಡಲು ಹೊರಟರು. ಇಲಿಗಳ ಬೆನ್ನಿನ ಕೂದಲು ಬೋಳಿಸಿ ಲೇಸರ್ ಹಾಕಿದರು. ಅವರ ಬಳಿ ಇದ್ದ ಲೇಸರಿಗೆ ಅಷ್ಟು ಬಲವಿರಲಿಲ್ಲ. ಗೆಡ್ಡೆಗೆ ಏನೂ ಆಗಲಿಲ್ಲ. ಆದರೆ ಬೆಳಕು ಬಿದ್ದ ಇಲಿಗಳಿಗೆ ಕೂದಲು ಬೇರೆ ಇಲಿಗಳಿಗಿಂತ ಬೇಗ ಬೆಳೆಯಿತು! ಮೆಸ್ಟರ್ ಅಲ್ಲಿಂದ ಮುಂದೆ ಮಾಯದ ಹುಣ್ಣುಗಳ ಮೇಲೆ ಇದನ್ನು ಬಳಸಿ ನೋಡಿದರು. ಮೊಲ ಬಿಡದ ಕೊಳವೆಯಂತೆ ಇದೂ ಹುಡುಕಿದ್ದು ಸಿಕ್ಕದೆ ಇನ್ನೇನೋ ಸಿಕ್ಕಿದ ಕಥೆ.

ಕೋಶದೊಳಗೆ ಏನಾಗುತ್ತದೆ?

ಒಂದು ಸಣ್ಣ ಪ್ರಯೋಗ ಮಾಡಿ. ಕತ್ತಲ ಕೋಣೆಯಲ್ಲಿ ಟಾರ್ಚನ್ನು ಅಂಗೈಗೆ ಒತ್ತಿ ಹಿಡಿಯಿರಿ. ಬೆರಳ ಸಂದಿಯೆಲ್ಲಾ ಕೆಂಪಾಗಿ ಹೊಳೆಯುತ್ತದೆ, ಅಲ್ಲವೆ? ಬಿಳಿ ಬೆಳಕಿನ ನೀಲಿ, ಹಸಿರು ಭಾಗಗಳನ್ನು ರಕ್ತ ನುಂಗಿಬಿಟ್ಟಿತು. ಕೆಂಪು ಮಾತ್ರ ತೂರಿ ಬಂತು. ಸುಮಾರು 600ರಿಂದ 1000 ನ್ಯಾನೊಮೀಟರಿನವರೆಗಿನ ಬೆಳಕಿಗೆ ನಮ್ಮ ದೇಹ ಒಂದು ಕಿಟಕಿಯಿದ್ದ ಹಾಗೆ. ಅದಕ್ಕಿಂತ ಕಡಿಮೆಯಾದರೆ ರಕ್ತ ಹೀರುತ್ತದೆ, ಬಹಳ ಹೆಚ್ಚಾದರೆ ನೀರು ಹೀರುತ್ತದೆ. ಚಿಕಿತ್ಸೆಯ ಬೆಳಕನ್ನು ಈ ಕಿಟಕಿಯಿಂದಲೇ ಆರಿಸುತ್ತಾರೆ.

ಒಳಹೊಕ್ಕ ಬೆಳಕನ್ನು ಯಾರೋ ಹೀರಬೇಕು. ಪ್ರತಿ ಜೀವಕೋಶದಲ್ಲೂ ಮೈಟೊಕಾಂಡ್ರಿಯ ಎಂಬ ಒಲೆಗಳಿವೆ. ಅಲ್ಲಿ ಉಸಿರಿನ ಆಮ್ಲಜನಕವನ್ನು ಬಳಸಿಕೊಳ್ಳುವ ಕಿಣ್ವದ ಹೆಸರು ಸೈಟೊಕ್ರೋಮ್ ಸಿ ಆಕ್ಸಿಡೇಸ್. ಮಾಸ್ಕೋ ಬಳಿಯ ಟ್ರೊಯಿಟ್ಸ್ಕ್‌ನಲ್ಲಿ ಕೆಲಸ ಮಾಡಿದ ಟೀನಾ ಕಾರು ಎಂಬ ವಿಜ್ಞಾನಿ, ಬೆಳಕನ್ನು ಹೀರುವುದು ಈ ಕಿಣ್ವವೇ ಎಂಬ ವಿವರಣೆಯನ್ನು ಮುಂದಿಟ್ಟರು. ಹೆಚ್ಚು ಜನ ಒಪ್ಪಿರುವ ಆ ವಿವರಣೆಯ ಪ್ರಕಾರ ಬೆಳಕು ಹೀರಿದ ಕಿಣ್ವ ಚುರುಕಾಗುತ್ತದೆ, ಕೋಶದ ಇಂಧನವಾದ ಎಟಿಪಿ ಹೆಚ್ಚುತ್ತದೆ, ಮಾಯಿಸುವ ಕೋಶಗಳು ಎಚ್ಚೆತ್ತು ಕೆಲಸಕ್ಕೆ ನಿಲ್ಲುತ್ತವೆ.

ಹಾಗಾದರೆ ಹೆಚ್ಚು ಬೆಳಕು ಬಿಟ್ಟರೆ ಹೆಚ್ಚು ಗುಣವೆ? ಅಲ್ಲ. ಇದೇ ಇಲ್ಲಿಯ ಮುಖ್ಯ ಮಾತು. ಸಾರಿಗೆ ಉಪ್ಪು ಹಾಕುವ ಹಾಗೆ. ಕಡಿಮೆಯಾದರೆ ರುಚಿಯಿಲ್ಲ, ಹದವಾದರೆ ಚೆನ್ನ, ಹೆಚ್ಚಾದರೆ ಬಾಯಿಗಿಡಲಾಗದು. ಬೆಳಕಿನ ಪ್ರಮಾಣ ಒಂದು ಹದ ಮೀರಿದರೆ ಕೋಶಗಳ ಕೆಲಸ ಕುಗ್ಗುತ್ತದೆ. ಲೆಕ್ಕ ಸುಲಭ: 100 ಮಿಲಿವ್ಯಾಟ್ ಲೇಸರನ್ನು 40 ಸೆಕೆಂಡು ಹಿಡಿದರೆ 4 ಜೂಲ್. ಅದು ಒಂದು ಚದರ ಸೆಂಟಿಮೀಟರಿನ ಮೇಲೆ ಬಿದ್ದರೆ ಚದರ ಸೆಂಟಿಮೀಟರಿಗೆ 4 ಜೂಲ್. ಅದೇ ಬೆಳಕು ಕಾಲು ಚದರ ಸೆಂಟಿಮೀಟರಿನಷ್ಟು ಜಾಗಕ್ಕೆ ಬಿದ್ದರೆ ನಾಲ್ಕು ಪಟ್ಟು, 16 ಜೂಲ್. ಹಿಡಿದ ದೂರ ಬದಲಾದರೂ ಪ್ರಮಾಣ ಬದಲಾಗುತ್ತದೆ. ಇನ್ನು ವಸಡು, ಮೂಳೆ ದಾಟಿ ತಿರುಪಿನ ತುದಿಗೆ ತಲುಪುವಷ್ಟರಲ್ಲಿ ಬೆಳಕು ಬಹಳ ಸೋರಿಹೋಗಿರುತ್ತದೆ. ಆದ್ದರಿಂದ 'ಲೇಸರ್ ಹಾಕಿದೆವು' ಅನ್ನುವುದು 'ಔಷಧಿ ಕೊಟ್ಟೆವು' ಅಂದ ಹಾಗೆ. ಯಾವ ಔಷಧಿ, ಎಷ್ಟು, ಎಷ್ಟು ಸಲ ಎಂದು ಹೇಳದಿದ್ದರೆ ಏನನ್ನೂ ಹೇಳಿದಂತಾಗಲಿಲ್ಲ.

ಸಾಕ್ಷಿ ಏನನ್ನುತ್ತದೆ?

ಈಗ ಕಾಗದದ ಮಾತಿಗೆ ಬರೋಣ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮೂಳೆಕೋಶಗಳು ಹದವಾದ ಬೆಳಕಿಗೆ ಚುರುಕಾಗುವುದನ್ನು ಅನೇಕರು ಕಂಡಿದ್ದಾರೆ. ಮೊಲ, ಇಲಿಗಳಿಗೆ ಟೈಟೇನಿಯಂ ಕೂರಿಸಿ ಬೆಳಕು ಬಿಟ್ಟಾಗ ಲೋಹಕ್ಕೆ ಅಂಟಿಕೊಂಡ ಮೂಳೆ ಹೆಚ್ಚಾಗಿದ್ದುದೂ ಹಲವು ಪ್ರಯೋಗಗಳಲ್ಲಿ ಕಂಡಿದೆ. ಇಲ್ಲಿಯವರೆಗೆ ಸುದ್ದಿ ಒಳ್ಳೆಯದು.

ಮನುಷ್ಯರ ವಿಷಯ ಬಂದಾಗ ಮಾತು ಸಡಿಲವಾಗುತ್ತದೆ. ಪ್ರಯೋಗಗಳು ಚಿಕ್ಕವು. ಒಬ್ಬರು ಬಳಸಿದ ಬೆಳಕಿನ ಬಣ್ಣ, ಪ್ರಮಾಣ, ಸಲಗಳು ಇನ್ನೊಬ್ಬರದ್ದಕ್ಕೆ ಹೊಂದುವುದಿಲ್ಲ. ಕೆಲವರಿಗೆ ತಿರುಪಿನ ಬಿಗಿಯಲ್ಲಿ ಸ್ವಲ್ಪ ಮೇಲುಗೈ ಕಂಡಿದೆ. ಕೆಲವರಿಗೆ ಬೆಳಕು ಬಿಟ್ಟದ್ದಕ್ಕೂ ಬಿಡದ್ದಕ್ಕೂ ವ್ಯತ್ಯಾಸವೇ ಕಂಡಿಲ್ಲ. ನೋವು, ಊತಗಳ ಮಟ್ಟಿಗೆ ಅನುಕೂಲದ ಫಲ ಹಲವೆಡೆ ಕಂಡಿದೆ, ಎಲ್ಲೆಡೆ ಅಲ್ಲ. ಮೂಳೆ ಎರಡು ಪಟ್ಟು ಬೇಗ ಕೂಡುತ್ತದೆ ಎಂಬ ಮಾತಿಗಂತೂ ಆಧಾರವಿಲ್ಲ.

ಇದನ್ನು ಸಾಬೀತು ಮಾಡುವುದು ಏಕೆ ಇಷ್ಟು ಕಷ್ಟ? ನನಗೆ ಬಹಳ ಹಿಡಿಸಿದ ವಿಷಯ ಇದು. ಇಂಪ್ಲಾಂಟ್ ಹಾಕಿಸಿಕೊಂಡವರಲ್ಲಿ ಹತ್ತು ವರ್ಷದ ನಂತರವೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ತಿರುಪುಗಳು ಉಳಿದಿರುತ್ತವೆ, ಯಾವ ಲೇಸರೂ ಇಲ್ಲದೆ. ಮೊದಲೇ ತೊಂಬತ್ತೈದು ಅಂಕ ತೆಗೆಯುವ ಹುಡುಗನಿಗೆ ಟ್ಯೂಷನ್ ಕೊಡಿಸಿ, ಟ್ಯೂಷನ್ನಿನಿಂದ ಅವನು ಪಾಸಾದ ಅನ್ನುವುದು ಸರಿಯೇ? ಉಳಿದ ಆ ನಾಲ್ಕೈದು ಅಂಕಗಳಲ್ಲಿ ಏನಾದರೂ ಬದಲಾಯಿತೇ ಅಂತ ತಿಳಿಯಬೇಕಾದರೆ ನೂರಾರು ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ನಿಜವಾದ ಬೆಳಕನ್ನೂ ಇನ್ನೊಂದಕ್ಕೆ ಆರಿಸಿಟ್ಟ ಯಂತ್ರವನ್ನೂ ಹಿಡಿದು, ವರ್ಷಗಟ್ಟಲೆ ಕಾಯಬೇಕು. ಬ್ರೋನೆಮಾರ್ಕ್ 1965ರಿಂದ 1982ರವರೆಗೆ ಕಾದದ್ದು ನೆನಪಿದೆಯಲ್ಲ?

ಹಾಗಂತ ಇಡೀ ವಿದ್ಯೆಯೇ ಬೂಟಾಟಿಕೆ ಅನ್ನುವುದೂ ತಪ್ಪು. ಕ್ಯಾನ್ಸರಿಗೆ ಔಷಧಿ, ವಿಕಿರಣ ತೆಗೆದುಕೊಳ್ಳುವವರ ಬಾಯೊಳಗೆಲ್ಲಾ ಹುಣ್ಣಾಗಿ ನೀರು ನುಂಗಲೂ ಆಗದೆ ಒದ್ದಾಡುತ್ತಾರೆ. ಈ ಹುಣ್ಣುಗಳನ್ನು ತಡೆಯಲು ಇದೇ ಸುಡದ ಬೆಳಕು ನೆರವಾಗುತ್ತದೆಂದು ಸಾಕಷ್ಟು ಸಾಕ್ಷಿ ಸಿಕ್ಕಿದೆ. ಕ್ಯಾನ್ಸರ್ ರೋಗಿಗಳ ಆರೈಕೆಯ ಅಂತರರಾಷ್ಟ್ರೀಯ ವೈದ್ಯರ ಸಂಘಗಳು 2014ರಲ್ಲಿಯೂ 2020ರಲ್ಲಿಯೂ ಪ್ರಕಟಿಸಿದ ಮಾರ್ಗಸೂಚಿಗಳಲ್ಲಿ, ಕೆಲವು ಬಗೆಯ ರೋಗಿಗಳಿಗೆ, ಇಂತಿಷ್ಟೇ ಪ್ರಮಾಣದಲ್ಲಿ ಎಂದು, ಇದನ್ನು ಶಿಫಾರಸು ಮಾಡಿವೆ. ಒಂದೇ ಬೆಳಕು. ಒಂದು ಕಡೆ ಸಾಕ್ಷಿ ಗಟ್ಟಿ, ಇನ್ನೊಂದು ಕಡೆ ಇನ್ನೂ ಎಳಸು. ಹಲ್ಲಿನ ಕಾಗದ ಬರೆದವರು ಅಲ್ಲಿಯ ಕೀರ್ತಿಯನ್ನು ಇಲ್ಲಿಗೆ ಕಡ ತಂದಿದ್ದಾರೆ, ಅಷ್ಟೆ.

ಮಾವ ಮಾಡಿದ್ದೇನು?

ಶಸ್ತ್ರಕ್ರಿಯೆ ಮಾಡುವ ವೈದ್ಯೆ ದಾವಣಗೆರೆಯಲ್ಲಿ ಓದಿದವರು. ಕನ್ನಡದಲ್ಲೇ ಮಾತಿಗೆ ಸಿಕ್ಕಿದರು. ಕಾಗದ ತೋರಿಸಿ, 'ಮೇಡಂ, ಇದರಿಂದ ಮಾವನ ಹಲ್ಲು ಎರಡೇ ತಿಂಗಳಿಗೆ ಗಟ್ಟಿಯಾಗುತ್ತಾ?' ಅಂತ ಕೇಳಿದೆ. ಅವರು ಸುತ್ತುಬಳಸಲಿಲ್ಲ. 'ನೋವು ಸ್ವಲ್ಪ ಕಡಿಮೆ ಆಗಬಹುದು. ಮೂಳೆ ಇಷ್ಟೇ ದಿನಕ್ಕೆ ಆಗುತ್ತೆ ಅಂತ ನಾನು ಮಾತು ಕೊಡಲ್ಲ. ಲೇಸರ್ ಹಾಕಿಸಿದರೂ ಹಾಕಿಸದಿದ್ದರೂ ನಾನು ಅಷ್ಟೇ ದಿನ ಕಾಯೋದು' ಅಂದರು. ಆಮೇಲೆ ಮಾವನ ಕಡೆ ತಿರುಗಿ, 'ಯಜಮಾನರೆ, ನಿಮ್ಮ ಹಲ್ಲಿಗೆ ತೊಂದರೆ ಬರೋದು ಬೆಳಕು ಇಲ್ಲದೆ ಅಲ್ಲ. ನಿಮ್ಮ ಎಲೆಅಡಿಕೆ ಚೀಲದಲ್ಲಿರೋ ಹೊಗೆಸೊಪ್ಪಿನಿಂದ, ನಿಮ್ಮ ಸಕ್ಕರೆಯಿಂದ' ಅಂದರು. ಅತ್ತೆ ಮುಗುಳ್ನಕ್ಕರು. ಇಪ್ಪತ್ತು ವರ್ಷದಿಂದ ಅವರು ಹೇಳುತ್ತಿದ್ದ ಮಾತೇ ಅದು.

ಇದರ ಕಾರಣ ನಾವು ಆಗಲೇ ನೋಡಿದ ಮಾಯುವ ಕ್ರಮದಲ್ಲೇ ಇದೆ. ಹೊಸ ಮೂಳೆಗೆ ಹೊಸ ರಕ್ತನಾಳ ಬೇಕು. ತಂಬಾಕಿನ ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯಲ್ಲಿ ಕಸ ಗುಡಿಸುವ ಬಿಳಿಯ ಕಣಗಳು ಸೋಮಾರಿಯಾಗುತ್ತವೆ, ಸೋಂಕು ಸುಲಭವಾಗಿ ಹಿಡಿಯುತ್ತದೆ. ಮೂಳೆ ಸವೆತಕ್ಕೆ ಕೊಡುವ ಬಿಸ್ಫಾಸ್ಫನೇಟ್ ಎಂಬ ಔಷಧಿ ತೆಗೆದುಕೊಳ್ಳುವವರು ಅದನ್ನು ಮೊದಲೇ ಹೇಳಬೇಕು, ಏಕೆಂದರೆ ಅವರ ದವಡೆಯ ಮೂಳೆ ಮಾಯುವುದು ಕಷ್ಟವಾಗಬಹುದು. ಇವುಗಳ ಕೆಲಸವನ್ನು ಯಾವ ಬೆಳಕೂ ಅಳಿಸಲಾರದು.

ಮಾವ ಆ ದಿನವೇ ಲೇಸರಿನ ದುಡ್ಡನ್ನು ಉಳಿಸಿದರು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ, ಔಷಧಿ ಸರಿಪಡಿಸಿಕೊಂಡು, ಆಮೇಲೆ ಶಸ್ತ್ರಕ್ರಿಯೆಗೆ ಹೋದರು. ಹೊಗೆಸೊಪ್ಪು ಬಿಡುವುದು ಮಾತ್ರ ಅಷ್ಟು ಸಲೀಸಾಗಲಿಲ್ಲ. ಮೊದಲ ವಾರವೆಲ್ಲಾ ಮನೆಯವರ ಮೇಲೆ ಹರಿಹಾಯ್ದರು. ಮೆತ್ತನೆ ಅನ್ನ ಸಾರು, ಗಂಜಿ, ಡಾಕ್ಟರು ಬರೆದುಕೊಟ್ಟ ನೀರಿನಲ್ಲಿ ಬಾಯಿ ಮುಕ್ಕಳಿಸುವುದು, ಮೆದುವಾದ ಬ್ರಷ್ಷು, ಇಷ್ಟೇ ಅವರ ಚಿಕಿತ್ಸೆ.

ರಾಜ್ಯೋತ್ಸವದ ಚಿಂತೆ? ಅದಕ್ಕೆ ಉತ್ತರ ಮೂಳೆಯನ್ನು ಓಡಿಸುವುದರಲ್ಲಿ ಇರಲಿಲ್ಲ. ಗಾಯದ ಮೇಲೆ ಭಾರ ಬೀಳದ ಹಾಗೆ, ತೆಗೆದು ಹಾಕುವ ಒಂದು ತಾತ್ಕಾಲಿಕ ಹಲ್ಲನ್ನು ವೈದ್ಯೆ ಮಾಡಿಕೊಟ್ಟರು. ನಾಲಿಗೆಗೆ ಬೇಕಾಗಿದ್ದ ಆಸರೆ ಅದರಿಂದಲೇ ಸಿಕ್ಕಿತು. ಸಕಾರದ ಸಿಳ್ಳೆ ನಿಂತಿತು. ನವೆಂಬರಿನಲ್ಲಿ ಮಾವ ಗದುಗಿನ ಭಾರತದ ಉದ್ಯೋಗಪರ್ವ ಓದಿದರಂತೆ, ಅತ್ತೆ ಫೋನು ಮಾಡಿ ಹೇಳಿದರು. ಮೂಳೆ ತನ್ನ ಪಾಡಿಗೆ ತಾನು ಕೆಲಸ ಮುಗಿಸಿದ ಮೇಲೆ, ಡಿಸೆಂಬರಿನಲ್ಲಿ, ಶಾಶ್ವತ ಹಲ್ಲು ಕೂತಿತು. ಇದರಿಂದ ಲೇಸರ್ ಬೇಡ ಅಂತ ಸಾಬೀತಾಯಿತೇ? ಇಲ್ಲ. ಹಾಕಿಸಿದ್ದರೆ ಹಾಕಿಸಿದ್ದಕ್ಕೇ ಆಯಿತು ಎನ್ನುತ್ತಿದ್ದೆವು. ಒಂದು ಹಲ್ಲಿನಿಂದ ಏನೂ ಸಾಬೀತಾಗುವುದಿಲ್ಲ. ಅದಕ್ಕೇ ನೂರಾರು ಹಲ್ಲುಗಳ ಪ್ರಯೋಗ ಬೇಕಾಗಿರುವುದು.

ಕೇಳಬೇಕಾದ ನಾಲ್ಕು ಪ್ರಶ್ನೆ

ನಾಳೆ ನಿಮ್ಮ ಮನೆಯ ಹಿರಿಯರ ಕೈಗೂ ಇಂಥ ಕಾಗದ ಬರಬಹುದು. ಕನ್ನಡದಲ್ಲೇ ಧೈರ್ಯವಾಗಿ ಕೇಳಿ. ಒಂದು, ಇದು ಕೊಯ್ಯುವ ಲೇಸರೋ, ಮಾಯಿಸುವ ಲೇಸರೋ? ಎರಡು, ಬೆಳಕಿನ ಅಳತೆ ಎಷ್ಟು, ಎಷ್ಟು ಜೂಲ್, ಎಷ್ಟು ಸಲ? ಮೂರು, ಇದರಿಂದ ನೋವು ಕಡಿಮೆಯಾಗುತ್ತದೆ ಎನ್ನುತ್ತೀರೋ, ಮೂಳೆ ಬೇಗ ಕೂಡುತ್ತದೆ ಎನ್ನುತ್ತೀರೋ? ಎರಡೂ ಬೇರೆ ಬೇರೆ ಮಾತು. ನಾಲ್ಕು, ಇದನ್ನು ಮಾಡಿಸದಿದ್ದರೆ ಏನು ನಷ್ಟ? ಈ ನಾಲ್ಕನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಬಹಳ ವಿಷಯ ತಿಳಿಯುತ್ತದೆ. ಮಾಡಿಸುವುದಾದರೆ ಕಣ್ಣಿಗೆ ತಕ್ಕ ಕನ್ನಡಕ ಕೊಡುತ್ತಾರೆಯೇ ನೋಡಿ. ಅವಕೆಂಪು ಲೇಸರ್ ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣನ್ನು ಕೆಡಿಸಬಲ್ಲದು. ಬಾಯಲ್ಲಿ ಗೆಡ್ಡೆಯ ಅನುಮಾನವಿದ್ದರೆ ಅದರ ಮೇಲೆ ಬೆಳಕು ಬಿಡುವಂತಿಲ್ಲ.

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂದು ನಮ್ಮ ಹಿರಿಯರು ನಕ್ಕರು. ಈಗ ಕಡಲೆಯಿದ್ದವರಿಗೆ ಹಲ್ಲು ಕೊಡುವ ವಿದ್ಯೆ ಬಂದಿದೆ. ಅದು ಸಣ್ಣ ಸಂಗತಿಯಲ್ಲ. ಆದರೆ ಮೂಳೆಗೆ ಅದರದೇ ಒಂದು ಛಂದಸ್ಸಿದೆ. ಮಾತ್ರೆ ತಪ್ಪಿಸಿ ಓಡಿಸಿದರೆ ಪದ್ಯ ಕೆಡುತ್ತದೆ. ಬೆಳಕು ಅದರ ಲಯಕ್ಕೆ ನೆರವಾಗಬಲ್ಲದೋ ಇಲ್ಲವೋ ಎಂಬುದು ಇನ್ನಷ್ಟು ಪ್ರಯೋಗಗಳಿಂದ ತೀರ್ಮಾನವಾಗಬೇಕು. ಅಲ್ಲಿಯವರೆಗೆ, ಸಂಜೆ ಕ್ಯಾಂಟೀನಿನ ಹಿಂದೆ ಗುಟ್ಕಾ ಚೀಟಿ ಹರಿಯುವ ನಮ್ಮ ಗೆಳೆಯರು ಇರುವ ಹಲ್ಲನ್ನೇ ಉಳಿಸಿಕೊಂಡರೆ ಲೇಸರೂ ಬೇಡ, ಟೈಟೇನಿಯಮ್ಮೂ ಬೇಡ.